ಒಂದು ಸೀರೆಗೆ ಮುಗಿಯುವ ಕಥೆ

ಹಾರನಹಳ್ಳಿ, ಪಿರಿಯಾಪಟ್ಟಣ ತಾಲ್ಲೂಕು
೮ನೇ ಅಕ್ಟೋಬರ್ ೧೯೪೧, ಬುಧವಾರ

ನನ್ನ ಮಗ ಸಣ್ಣಬೀರಯ್ಯನಿಗೆ, ನಿನ್ನ ಅವ್ವ ಇಲ್ಲಿಂದಲೇ ನೆಟಿಕೆ ಮುರಿದು ಬರೆಯುವ ಕಾಗದ.

ಹೇಗಿದ್ದೀಯಪ್ಪಾ? ದಸರಾ ರಜೆಗೆ ಬಂದಾಗ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಹಾಸ್ಟೆಲಿನ ಸಾರು ಹೇಗೇ ಇರಲಿ, ಮೂಗು ಮುಚ್ಚಿಕೊಂಡಾದರೂ ಉಣ್ಣು. ಕಟ್ಟಿಕೊಟ್ಟ ಹುರಿಹಿಟ್ಟು ನೀನೇ ತಿಂದೆಯೋ, ಇಲ್ಲ ಗೆಳೆಯರಿಗೆಲ್ಲ ಹಂಚಿ ಡಬ್ಬಿ ನೆಕ್ಕುತ್ತಾ ಕುಳಿತೆಯೋ? ನಾನು ಗಟ್ಟಿಯಾಗಿದ್ದೇನೆ. ಸಾಹುಕಾರರ ಬ್ಯಾರನ್ನಿನ ಬಿಸಿಗೂಡಿನಲ್ಲಿ ಕೊನೆಯ ಕೊಯ್ಲಿನ ಹೊಗೆಸೊಪ್ಪು ಬೇಯುತ್ತಿದೆ. ದಿನವೂ ಚಪ್ಪರದ ಕೆಳಗೆ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುವ ಕೆಲಸ. ಕೈಗೆ ಮೆತ್ತಿದ ಅಂಟು ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗುತ್ತಿಲ್ಲ, ಕಾಗದದ ಮೇಲೆ ಕಪ್ಪು ಕಲೆ ಕಂಡರೆ ಗಾಬರಿಯಾಗಬೇಡ. ನಿಮ್ಮಪ್ಪ ಇದ್ದಿದ್ದರೆ, ‘ಮೇಷ್ಟ್ರ ಹೆಂಡ್ತಿ ಕಾಗ್ದ ಇಂಗಾ ಇರೋದು?’ ಎಂದು ರೇಗಿಸುತ್ತಿದ್ದರು. ನನಗೆ ಅಕ್ಷರ ಕಲಿಸಿದವರೇ ಅವರು, ತಪ್ಪು ಹುಡುಕುವ ಹಕ್ಕೂ ಅವರಿಗಿತ್ತು.

ಈಗ ನಿನ್ನ ಕಥೆಯ ವಿಚಾರ. ರಜೆಯ ಕೊನೆಯ ದಿನ ನಾನು ಜಗಲಿಯಲ್ಲಿ ಅಲಸಂದೆ ಬಿಡಿಸುತ್ತಿದ್ದಾಗ, ಕೇಳದಿದ್ದರೂ ಬಂದು ಕೂತು, ನಿಮ್ಮ ಕಾಲೇಜಿನ ಪಾಠದ ಇಂಗ್ಲಿಷ್ ಕಾದಂಬರಿಯ ಕಥೆ ಹೇಳಿದೆಯಲ್ಲ, ಅದು ನನ್ನ ತಲೆಯಿಂದ ಇಳಿಯುತ್ತಲೇ ಇಲ್ಲ. ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಜನ. ಸಮುದ್ರ ದಾಟಿ ಹೋಗಿ ಕಾಡಂಚಿನಲ್ಲಿ ಊರು ಕಟ್ಟಿಕೊಂಡವರು. ಅಲ್ಲೊಬ್ಬ ಹೆಂಗಸು, ಗಂಡ ಎಲ್ಲಿದ್ದಾನೆಂಬ ಸುದ್ದಿಯೇ ಇಲ್ಲದವಳು, ಮಗು ಹೆತ್ತಳು. ಅವಳ ಎದೆಯ ಮೇಲೆ ಕೆಂಪು ಬಟ್ಟೆಯ ಗುರುತು ಹಾಕಿಸಿ, ಕೂಸಿನ ಸಮೇತ ಪೇಟೆಯ ಕಟ್ಟೆ ಹತ್ತಿಸಿ, ಊರೆಲ್ಲ ನೋಡುವ ಹಾಗೆ ನಿಲ್ಲಿಸಿದರು. ಗಂಡಸಿನ ಹೆಸರು ಹೇಳು ಎಂದರೆ ಬಾಯಿ ಬಿಡಲಿಲ್ಲ. ಅವನೋ ಊರಿಗೇ ಬುದ್ಧಿ ಹೇಳುವ ಓದಿದ ಗುರು, ಅಲ್ಲೇ ನಿಂತಿದ್ದ. ಅಲ್ಲಿಗೆ ಬಂದಾಗ ನೀನು ತಟ್ಟನೆ ಮಾತು ನಿಲ್ಲಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಅರ್ಧ ಕಥೆ ಹೇಳಿ ಏಳುವ ಚಾಳಿ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ, ನಿನಗೆಲ್ಲಿಂದ ಬಂತೋ.

ನನ್ನ ಬಾಯಿ ಗೊತ್ತಲ್ಲ, ಚಪ್ಪರದ ಹೆಂಗಸರಿಗೆಲ್ಲ ಹೇಳಿಬಿಟ್ಟೆ. ಎಲೆ ಕಟ್ಟುತ್ತಿದ್ದ ಕೈಗಳು ನಿಂತವು. ಆ ಊರಲ್ಲಿ ಕುಣಿತವಿಲ್ಲ, ಹಬ್ಬವಿಲ್ಲ ಎಂದಾಗ ಪಕ್ಕದ ಮನೆಯ ಕುಳ್ಳಮ್ಮ, ‘ಅಂಗಾರೆ ಆ ಜನ ಬೆಳಿಗ್ಗೆ ಯಾಕೆ ಏಳ್ತಾರೆ ಕಣವ್ವ?’ ಎಂದಳು. ಇನ್ನೊಬ್ಬಳಿಗೆ, ತಪ್ಪಿಗೆ ಕಾಣಿಕೆ ಕಟ್ಟಿಸಿಕೊಂಡು ಸುಮ್ಮನಾಗದ ಅದೆಂಥ ದೇವರು ಎಂಬ ಚಿಂತೆ. ನನಗೂ ಅದೇ ಕುತೂಹಲ. ನಮ್ಮ ಬೀರಪ್ಪ ಎಷ್ಟೇ ಕೋಪಿಷ್ಠನಾದರೂ ಕಾಣಿಕೆ ಕಟ್ಟಿ ಕುಲಕ್ಕೆ ಊಟ ಹಾಕಿದ ಮೇಲೆ ಹಳೆಯದನ್ನು ಎತ್ತುವುದಿಲ್ಲ. ಅವರ ದೇವರಿಗೆ ಮರೆವೇ ಇಲ್ಲವೇನಪ್ಪಾ? ಕೊನೆಗೆ ಕುಳ್ಳಮ್ಮ ಕಡ್ಡಿಯನ್ನು ನೆಲಕ್ಕೆ ಬಡಿದು ತೀರ್ಪು ಕೊಟ್ಟೇಬಿಟ್ಟಳು: ‘ಆ ಗುರು ಅನ್ನೋನು ಗುಡಿ ಮುಂದೆ ಒಂದು ಸೀರೆ ಕೊಟ್ಟು ಕೂಡಾವಳಿ ಮಾಡ್ಕಂಡಿದ್ರೆ ಆಗೋಗ್ತಿತ್ತು. ಒಂದು ಸೀರೆಗೆ ಮುಗಿಯೋ ಕತೆಗೆ ಅಷ್ಟು ದಪ್ಪ ಪುಸ್ತಕ ಯಾಕ್ ಬರೆದ್ರು?’ ಎಲ್ಲರೂ ನಕ್ಕರು. ಗಂಡ ಸತ್ತವಳಿಗೋ ಬಿಟ್ಟುಹೋದವಳಿಗೋ ಇನ್ನೊಬ್ಬ ಸೀರೆ ಕೊಟ್ಟು ಮನೆ ತುಂಬಿಸಿಕೊಳ್ಳುವುದು ಆ ಜನರಲ್ಲಿ ಉಂಟೋ ಇಲ್ಲವೋ ನನಗೇನು ಗೊತ್ತು, ನೀನೇ ಹೇಳಬೇಕು.

ನಗದೆ ಕೂತಿದ್ದವಳು ಒಬ್ಬಳೇ, ಕೆಳಗಿನ ಕೇರಿಯ ಪುಟ್ಟಸಿದ್ದಮ್ಮ. ಗಂಡ ಕೊಡಗಿನ ಕಾಫಿ ತೋಟಕ್ಕೆ ಹೋಗಿ ಚಳಿಜ್ವರದಲ್ಲಿ ತೀರಿಕೊಂಡನಲ್ಲ, ಅವಳು. ಬೇಸಿಗೆ ರಜೆಯಲ್ಲಿ ನೀನು ಅವಳ ತಮ್ಮನಿಗೆ ಲೆಕ್ಕ ಹೇಳಿಕೊಡಲು ಹೋಗುತ್ತಿದ್ದ ಮನೆ. ಅವಳಿಗೀಗ ಹೊಟ್ಟೆ ಕಾಣಿಸಿಕೊಂಡಿದೆ. ನೀನು ಮೈಸೂರಿಗೆ ಹೋದ ಮೇಲೆ ಊರಿಗೆಲ್ಲ ಗೊತ್ತಾಯಿತು. ಬರುವ ಸೋಮವಾರ ಬೀರಪ್ಪನ ಗುಡಿಯ ಮುಂದೆ ಕುಲದವರು ಸೇರುತ್ತಾರೆ. ಅವಳು ತಲೆಯ ಮೇಲೆ ಕಲ್ಲು ಹೊತ್ತು ನಿಂತು ಹೆಸರು ಹೇಳಬೇಕು, ಹೇಳದಿದ್ದರೆ ಕುಲದಿಂದ ಹೊರಗೆ, ಅವಳ ಮನೆಗೆ ಯಾರೂ ಬೆಂಕಿ ನೀರು ಕೊಡಕೂಡದು ಎಂದು ಕುಲದ ಯಜಮಾನರಾದ ಅಂಕಯ್ಯನವರು ಸಾರಿಸಿದ್ದಾರೆ. ಕಡಲಾಚೆಯವರು ಗುರುತು ಹಾಕಿ ಊರೊಳಗೇ ಇಟ್ಟುಕೊಂಡರು, ನಮ್ಮವರು ಗುರುತು ಹಾಕದೆ ಹೊರಗೆ ಹಾಕುತ್ತಾರೆ. ಯಾವುದು ಹೆಚ್ಚು ಕ್ರೂರವೆಂದು ಯೋಚಿಸುತ್ತಲೇ ಇದ್ದೇನೆ. ಅವಳ ಎದುರಿಗೆ ಆ ಕಥೆ ಹೇಳಬಾರದಿತ್ತು ಎನ್ನಿಸಿದಾಗ ನನ್ನ ಬಾಯಿ ಆಗಲೇ ಬಹಳ ದೂರ ಓಡಿತ್ತು.

ಆಗ ಒಂದು ವಿಚಿತ್ರ ನಡೆಯಿತು ನೋಡು. ಪುಟ್ಟಸಿದ್ದಮ್ಮ ತಲೆ ಎತ್ತದೆಯೇ, ‘ಆ ಗುರುತಿನ ಸುತ್ತ ಚಿನ್ನದ ದಾರದಾಗೆ ಅವ್ಳೇ ಹೂವು ತೆಗ್ದಿದ್ಲಂತೆ ಅಲ್ವಾ, ಮೇಷ್ಟ್ರವ್ವ?’ ಎಂದಳು. ನಾನು ಹೌದೆಂದೆ. ಹೌದೆಂದ ಮೇಲೆ ಕೈಯಲ್ಲಿದ್ದ ಎಲೆ ಹಾಗೇ ಉಳಿಯಿತು. ಚಿನ್ನದ ದಾರದ ಮಾತನ್ನು ನೀನು ನನಗೆ ಹೇಳಿದ್ದೆ, ಆದರೆ ನಾನು ಚಪ್ಪರದಲ್ಲಿ ಅದನ್ನು ಹೇಳುವುದನ್ನೇ ಮರೆತಿದ್ದೆ. ಈ ಊರಿನಲ್ಲಿ ಆ ಪುಸ್ತಕ ಓದಿದವರು ಯಾರಿದ್ದಾರು? ತಾಲ್ಲೂಕಿನ ಅಮಲ್ದಾರರೂ ಓದಿರಲಾರರು. ಇದನ್ನೇ ಯೋಚಿಸುತ್ತಾ ಕಟ್ಟಿದ ಕಡ್ಡಿಯೆಲ್ಲ ಸಡಿಲವಾಗಿ, ಸಾಹುಕಾರರ ಹತ್ತಿರ ಬೈಸಿಕೊಂಡೆ.

ಸಂಜೆ ಅವಳ ಜೊತೆಯಲ್ಲೇ ನಡೆದು ಬಂದೆ. ಕೇಳಬೇಕಾದ್ದನ್ನು ಕೇಳಲಿಲ್ಲ. ಕಥೆಯ ನೆಪ ಇಟ್ಟುಕೊಂಡು, ಆ ಹೆಂಗಸು ಹೆಸರು ಯಾಕೆ ಹೇಳಲಿಲ್ಲವೆಂದು ನಿನಗನ್ನಿಸುತ್ತದೆ ಎಂದು ಕೇಳಿದೆ. ಅವಳು, ‘ಹೆಸ್ರು ಹೇಳಿಸ್ಕಂಡು ಬಂದ್ರೆ ಅದು ಬಂದಂಗಲ್ಲ ಕಣವ್ವ. ಅವ್ನಾಗೇ ಬರ್ಬೇಕು. ಬರ್ದಿದ್ರೆ ಬುಡ್ಲಿ’ ಎಂದಳು. ಅಳಲಿಲ್ಲ. ಅತ್ತಿದ್ದು ನಾನು, ಮನೆಗೆ ಬಂದು, ಒಲೆಯ ಹೊಗೆಯ ಮೇಲೆ ನೆವ ಹಾಕಿ. ನಿನ್ನನ್ನು ಅಮಲ್ದಾರನ ಕುರ್ಚಿಯ ಮೇಲೆ ಕೂರಿಸಿ ನೋಡುವ ಆಸೆಯಿಂದ ಬದುಕುತ್ತಿರುವವಳು ನಾನು. ಆ ಆಸೆ ಈಗಲೂ ಇದೆ. ಆದರೆ ಆ ಕುರ್ಚಿಯ ಮೇಲೆ ಕೂರುವವನು ಎಂಥವನಾಗಿರಬೇಕೆಂದು ಈಗ ಬೇರೆ ಥರ ಯೋಚಿಸುತ್ತಿದ್ದೇನೆ.

ಚೆನ್ನಾಗಿ ಓದು, ಎಣ್ಣೆ ನೀರು ಹಾಕಿಕೋ, ಕಾಲಿಗೆ ಮುಳ್ಳು ತಾಗದಂತೆ ಬೀರಪ್ಪ ನಿನ್ನನ್ನು ಕಾಯಲಿ. ಹಾಸ್ಟೆಲಿನ ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅವ್ವ,
ಮರಮ್ಮ

ಮತ್ತೆ: ಅಂಚೆಯವನು ಜಗಲಿಯಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಪಿರಿಯಾಪಟ್ಟಣದ ಸಂತೆಯಲ್ಲಿ ಒಂದು ಹಸಿರು ಸೀರೆ ತಂದು ನಿಮ್ಮಪ್ಪನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಅದನ್ನು ನಾನು ಕೊಟ್ಟರೆ ನಡೆಯುವುದಿಲ್ಲ. ಯಾರಿಗೂ ಏನೂ ಹೇಳಿಲ್ಲ, ಅವಳಿಗೂ ಹೇಳಿಲ್ಲ. ನಿನ್ನ ಮೇಲೆ ಹೊಟ್ಟೆ ಉರಿಯುವಷ್ಟು ಕೋಪವಿದೆ, ಅದನ್ನು ನೀನು ಬಂದ ಮೇಲೆ ತೀರಿಸಿಕೊಳ್ಳುತ್ತೇನೆ. ಕಥೆಯ ಕೊನೆಯನ್ನು ಕಾಗದದಲ್ಲಿ ಬರೆಯಬೇಡ, ಸೋಮವಾರದೊಳಗೆ ಬಂದು ಹೇಳು. ನೀನು ಬರದಿದ್ದರೂ ಅವಳು ನಿನ್ನ ಹೆಸರು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಅವಳ ಪಕ್ಕದಲ್ಲಿ ಇನ್ನೊಂದು ಕಲ್ಲು ಹೊತ್ತು ನಿಲ್ಲುತ್ತೇನೆ. ನೀನು ಯಾಕೆ ನಿಂತೆ ಮರಮ್ಮ ಎಂದು ಕುಲದವರು ಕೇಳಿಕೊಳ್ಳಲಿ.