ಬಾಚಣಿಗೆ ಹಲ್ಲು ಒರೆಸಿದ ಫಕ್ಕೀರೇಶನಿಗೆ

ಎರಡನೆಯ ಉಪ್ಪುಕಾಲದ ನಲವತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳು, ಮೂವತ್ತೆರಡನೆಯ ದಿನ.

ಗದಗಿನಲ್ಲಿ ಹಳೆ ಟೇಪುಗಳನ್ನು ಕಂಪ್ಯೂಟರಿಗೆ ಹಾಕಿಕೊಡುವ ಅಂಗಡಿಯ ಫಕ್ಕೀರೇಶ, ಈ ತಾರೀಖು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ನಿನಗಿಂತ ಎಷ್ಟೋ ತಲೆಮಾರು ಮುಂದಿನಿಂದ ಬರೆಯುತ್ತಿದ್ದೇನೆ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸು. ನಾನು ಕೇಳುವ ಕ್ಷಮೆ ಇದೊಂದೇ.

ನಮ್ಮದು ಕೈಮಾತಿನ ಊರು. ಕಿವುಡ ಮಕ್ಕಳಿಗೆ ಪಾಠ ಹೇಳಿದ ನೀಲವ್ವ ಟೀಚರ ಶಿಷ್ಯರ ವಂಶ ನಾವು. ರೊಟ್ಟಿ ಮುರಿಯುತ್ತಾ ಯಾರೂ ಮಾತಾಡುವುದಿಲ್ಲ, ಕೈ ತೊಳೆದ ಮೇಲೇ ಮಾತು. ಪ್ರತಿಯೊಬ್ಬರಿಗೂ ಬೆರಳಲ್ಲಿ ಹೇಳುವ ಒಂದು ಕೈಹೆಸರು ಇರುತ್ತದೆ. ಮನೆಯ ಹಿರಿಯಳು ಸಾಯುವಾಗ ಮಗಳು ಅವಳ ಕಣ್ಣೆದುರು ತಾಯಂದಿರ ಕೈಹೆಸರುಗಳನ್ನು ನೀಲವ್ವನಿಂದ ಹಿಡಿದು ಹೇಳಬೇಕು. ಮೊದಲನೆಯದು ಬಾರದೆ ಎರಡನೆಯದನ್ನು ಹೇಳುವಂತಿಲ್ಲ. ಗುರುವಿನ ಹೆಸರನ್ನು ಶಿಷ್ಯರು ಕೈಯಲ್ಲಿ ಆಡಬಾರದೆಂಬ ಮರ್ಯಾದೆ ಆಗ ಇತ್ತು. ಹಾಗಾಗಿ ನೀಲವ್ವನ ಹೆಸರು ಉಳಿದದ್ದು ಒಂದೇ ಕಡೆ, ಟಿ.ವಿ.ಯಲ್ಲಿ ಅವಳೇ ಒಮ್ಮೆ ಹೇಳಿಕೊಂಡ ಟೇಪಿನಲ್ಲಿ.

ಆ ಟೇಪು ನೀಲವ್ವನ ಶಾಲೆಯಿಂದ ನಿನ್ನ ಕೈಗೆ ಬಂತು. ನಿಮ್ಮ ಹಳೆ ಟಿ.ವಿ. ಒಂದು ಚಿತ್ರವನ್ನು ಎರಡು ಸಲಕ್ಕೆ ಬರೆಯುತ್ತಿತ್ತು, ಮೊದಲು ಬೆಸ ಸಂಖ್ಯೆಯ ಗೆರೆಗಳು, ಮರುಕ್ಷಣ ಅವುಗಳ ಸಂದಿಯಲ್ಲಿ ಸಮ ಗೆರೆಗಳು. ಅಷ್ಟರೊಳಗೆ ಆಡುವ ಬೆರಳು ಸರಿದಿರುತ್ತದೆ. ಕಂಪ್ಯೂಟರಿನಲ್ಲಿ ಎರಡನ್ನೂ ಕೂಡಿಸಿ ನಿಲ್ಲಿಸಿದರೆ ಬೆರಳಂಚು ಬಾಚಣಿಗೆ ಹಲ್ಲಿನಂತೆ ಕಾಣುತ್ತದೆ. ಅದು ಕೊಳೆಯಲ್ಲವೋ ಮಹಾರಾಯ, ಅದೇ ಬೆರಳಿನ ಚಲನೆ! ನೀನು ಸಮ ಗೆರೆಗಳನ್ನೆಲ್ಲ ಕಿತ್ತೆಸೆದೆ. ಬೆಸ ಗೆರೆಗಳನ್ನೇ ಎರಡೆರಡು ಸಲ ಬಳಿದು, ಹಿಗ್ಗಿಸಿ, ಎಚ್‌.ಡಿ. ಅಂತ ಹೆಸರಿಟ್ಟೆ. ಶಾಲೆಯ ಹೆಡ್‌ಮಾಸ್ತರರಿಗೆ ನೀನು ಕಳಿಸಿದ ಧ್ವನಿ ಸಂದೇಶ ಮಾತ್ರ ಮುಕ್ಕಾಗದೆ ಉಳಿದಿದೆ. ಕಿವಿ ಕೇಳದ ನಮಗೆ ಯಂತ್ರ ಅದನ್ನು ಬರೆದು ತೋರಿಸಿತು.

“ಹಲ್ಲು ಹಲ್ಲು ಕಾಣತಿತ್ತರೀ, ಒರಸಿ ಒಗದೇನಿ. ಈಗ ನೋಡ್ರಿ, ಕನ್ನಡಿ ಆಗೇತಿ.”

ನಿನ್ನ ಕನ್ನಡಿಯಲ್ಲಿ ನೀಲವ್ವನ ಮುಷ್ಟಿ ಕಾಣುತ್ತದೆ, ಆಮೇಲೆ ಬಿಚ್ಚಿದ ಅಂಗೈ. ನಡುವೆ ಬೆರಳು ಏನು ಮಾಡಿತೋ ಯಾರಿಗೂ ಗೊತ್ತಿಲ್ಲ. ಹೋದ ವರ್ಷ ನನ್ನ ಅವ್ವ ಹಾಸಿಗೆ ಹಿಡಿದಾಗ ನಾನು ಮುಷ್ಟಿ ಹಿಡಿದೆ, ಮುಂದೆ ಬರಲಿಲ್ಲ. ಅವಳು ನನ್ನ ಕೈಯನ್ನೇ ನೋಡುತ್ತಾ ಕಾದಳು, ಕಾದೇ ಸತ್ತಳು. ನಿನ್ನ ಕೈ ಸೇದಿ ಹೋಗಲಿ, ಬೆರಳು ಮರಗಟ್ಟಲಿ. ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ಶಾಪವಿಲ್ಲ.

ನಿನ್ನ ಮದುವೆಯ ವಿಡಿಯೋ ನಮ್ಮಲ್ಲಿದೆ, ಒಂದು ಗೆರೆಯೂ ಕಳೆಯದೆ ಸಿಕ್ಕಿತ್ತು. ವರ್ಷಕ್ಕೊಮ್ಮೆ, ನೀಲವ್ವನ ನೆನಪಿನ ದಿನ, ಊರೆಲ್ಲ ನೆರೆದು ಅದರಿಂದ ಒಂದು ಗೆರೆ ಕೀಳುತ್ತೇವೆ. ನಮ್ಮ ಮುತ್ತಜ್ಜಿಯರು ಮೇಲಿನಿಂದ ಶುರು ಮಾಡಿದ್ದರು. ಚಪ್ಪರ ಹೋಯಿತು, ನಿಮ್ಮಿಬ್ಬರ ಬಾಸಿಂಗ ಹೋಯಿತು, ಹಣೆಯೂ ಹೋಯಿತು. ಈ ಸಲ ಕಣ್ಣುಗಳ ಸರದಿ. ಕೀಳುವವಳು ನಾನೇ, ಕೇಳಿ ಪಡೆದಿದ್ದೇನೆ.

ಈ ಕಾಗದ ನಿನಗೆ ಮುಟ್ಟುವ ದಿನ ಮೂಲ ಟೇಪು ನಿನ್ನ ಅಂಗಡಿಯ ಅಟ್ಟದ ಮೇಲೇ ಇರುತ್ತದೆ. ಮರುದಿನ ಗುಜರಿಯವನು ಬರುತ್ತಾನೆ. ಕೊಡಬೇಡ. ಶಾಲೆಗೆ ಮರಳಿಸು, ಎಲ್ಲ ಗೆರೆಗಳೂ ಇದರಲ್ಲಿವೆ ಎಂದು ಮೇಲೆ ಬರೆದು ಮರಳಿಸು. ಹಾಗೆ ಮಾಡಿದರೆ ನಿನ್ನ ಹೆಂಡತಿ ಕಸ್ತೂರಿಯ ಮುಖವನ್ನು ಗೆರೆಗೆರೆಯಾಗಿ ಜೋಡಿಸಿ ಕೊಡುತ್ತೇವೆ, ಅವಳು ನಮಗೇನೂ ಮಾಡಿಲ್ಲ.

ನಿನ್ನ ಮುಖ ಕೇಳಬೇಡ. ಅವ್ವನ ಕಣ್ಣು ಮುಚ್ಚಿದವಳು ನಾನು.