ಹೆಳವನ ಪುಸ್ತಕದಲ್ಲಿಲ್ಲದ ಅತ್ತೆಯರು

ಗುರುಪುರ, ಹುಣಸೂರು ತಾಲ್ಲೂಕು
೨೩ ಫೆಬ್ರವರಿ ೨೦೨೫

ಮುದ್ದಿನ ತಮ್ಮ ಶಶಿಗೆ,

ನಿನ್ನಕ್ಕ ಚಂದ್ರಿಕಾಳ ಆಶೀರ್ವಾದ. ಹೇಗಿದ್ದೀಯ? ತೇಜ್‌ಪುರದಲ್ಲಿ ಚಳಿ ಇಳಿಯಿತೇ? ಮಂಡಿನೋವಿಗೆಂದು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಕ್ಯಾಂಪಿನ ಹುಡುಗರಿಗೆಲ್ಲ ಹಂಚಿ ಮುಗಿಸಿದೆಯೋ? ಸುಬೇದಾರನಾದರೂ ನಿನ್ನ ಧಾರಾಳ ಬುದ್ಧಿ ಹೋಗಲಿಲ್ಲ. ಅಮ್ಮ ಚೆನ್ನಾಗಿದ್ದಾಳೆ, ದಿನಕ್ಕೆರಡು ಸಲ ನಿನ್ನ ಹೆಸರೆತ್ತುತ್ತಾಳೆ. ಫೋನಿರುವಾಗ ಕಾಗದ ಯಾಕೆ ಎನ್ನುತ್ತೀಯ. ಈ ವಿಷಯ ಎತ್ತಿದ ಮೂರು ಸಲವೂ "ಅದು ಎಂಗಸ್ರ ಕಾಯ್ಲೆ ಕಣಕ್ಕ, ನಂಗ್ಯಾಕೆ" ಎಂದು ಫೋನ್ ಇಟ್ಟುಬಿಟ್ಟೆಯಲ್ಲ, ಅದಕ್ಕೇ ಕಾಗದ. ಅಕ್ಕನ ಅಕ್ಷರ ಹರಿದು ಹಾಕುವಷ್ಟು ಗಟ್ಟಿ ಮನಸ್ಸು ನಿನಗಿಲ್ಲವೆಂದು ನನಗೆ ಗೊತ್ತು.

ಮೊದಲು ಸಿಹಿ ಸುದ್ದಿ. ಎದೆಯ ಗಂಟು ತೆಗೆಸಿಕೊಂಡು ಮೊನ್ನೆಗೆ ಎರಡು ವರ್ಷವಾಯಿತು. ಮೈಸೂರಿನಲ್ಲಿ ಮತ್ತೆ ಎಲ್ಲ ಪರೀಕ್ಷೆ ಮಾಡಿದರು. ಎಲ್ಲೂ ಏನೂ ಇಲ್ಲ! ಕೂದಲು ಜಡೆ ಹಾಕುವಷ್ಟು ಬೆಳೆದಿದೆ. ನಮ್ಮ ಅಂಗನವಾಡಿಯ ಪುಟಾಣಿಗಳು ನಿಜವಾದದ್ದೋ ಸುಳ್ಳೋ ಎಂದು ಎಳೆದು ನೋಡುತ್ತವೆ. ನೋವಾದರೂ ಎಳೆಯಲಿ ಎಂದು ಸುಮ್ಮನಿರುತ್ತೇನೆ.

ಆದರೆ ನಾನು ಮಾಡಿದ ಒಂದು ತಪ್ಪನ್ನು ನಿನಗೆ ಹೇಳಬೇಕು. ಮೊದಲ ದಿನವೇ ಡಾಕ್ಟರಮ್ಮ, ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ ಎಂದು ಕೇಳಿದ್ದರು. "ನಮ್ಮನೇಲಿ ಯಾರಿಗೂ ಇಲ್ಲ" ಎಂದು ಎದೆ ತಟ್ಟಿ ಹೇಳಿದ್ದೆ. ನಮ್ಮ ಮನೆ ಎಂದರೆ ನನ್ನ ಲೆಕ್ಕದಲ್ಲಿ ಅಜ್ಜ, ಅಪ್ಪ, ಅಮ್ಮ, ನೀನು, ನಾನು. ಆಮೇಲೆ ರಕ್ತ ಕಳಿಸಿ ನೋಡಿದಾಗ, ನನ್ನ ಜೀನ್‌ನಲ್ಲೇ ಒಂದು ದೋಷವಿದೆ, ಹುಟ್ಟುವಾಗಲೇ ತಂದೆಯಿಂದಲೋ ತಾಯಿಯಿಂದಲೋ ಬಂದದ್ದು ಎಂದರು. ಅಮ್ಮನ ರಕ್ತದಲ್ಲಿ ಅದು ಇರಲಿಲ್ಲ. ಹಾಗಾದರೆ ಉಳಿದವರು ಅಪ್ಪ ತಾನೇ? ಎಂಬತ್ತೊಂದು ವರ್ಷ ಒಂದು ಮಾತ್ರೆಯನ್ನೂ ನುಂಗದೆ, ಹೊಗೆಸೊಪ್ಪಿನ ಹೊರೆ ಹೊತ್ತು ಬಾಳಿ ಹೋದ ನಮ್ಮ ಅಪ್ಪ! ನಾನು ನಂಬಲಿಲ್ಲ. ಡಾಕ್ಟರಮ್ಮನ ಮೇಲೇ ಸಿಟ್ಟು ಬಂತು.

ಆ ಸುಗ್ಗಿಯಲ್ಲಿ ನಮ್ಮ ಹೆಳವ ಬಂದ. ನೆನಪಿದೆಯಲ್ಲ, ವರ್ಷಕ್ಕೊಮ್ಮೆ ಬಂದು ನಮ್ಮ ವಂಶಾವಳಿ ಓದಿ ರಾಗಿ ತೆಗೆದುಕೊಂಡು ಹೋಗುವವನು. ಈಗ ಎತ್ತಿನ ಬದಲು ಬೈಕಿನಲ್ಲಿ ಬರುತ್ತಾನೆ. ಸರಿ, ಇವನನ್ನೇ ಕೇಳೋಣವೆಂದು ಕುಳಿತೆ. "ಸಣ್ಣಬೀರಯ್ಯನ ಮಗ ಚಾಮಯ್ಯ, ಚಾಮಯ್ಯನ ಮಗ ಶಶಿಕುಮಾರ" ಎಂದು ಓದಿ ಪುಸ್ತಕ ಮುಚ್ಚಿದ. ಎದುರಿಗೇ ಕುಳಿತಿದ್ದ ನಾನೂ ಅದರಲ್ಲಿರಲಿಲ್ಲ. ಆಗ ಹೊಳೆಯಿತು ನೋಡು. ಅಪ್ಪನ ಒಡಹುಟ್ಟಿದವರು ಎಲ್ಲಿ? ಕೊಟ್ಟ ಹೆಣ್ಣುಮಕ್ಕಳು ನಮ್ಮವರಲ್ಲವೆಂದು ಹೆಳವ ಬರೆಯಲಿಲ್ಲ, ಡಾಕ್ಟರ ಮುಂದೆ ನಾನೂ ಹೇಳಲಿಲ್ಲ!

ಮರುದಿನವೇ ಬಸ್ಸು ಹತ್ತಿ ಸಾಲಿಗ್ರಾಮಕ್ಕೆ, ಅಪ್ಪನ ಕೊನೆಯ ತಂಗಿ ಕುಳ್ಳಮ್ಮತ್ತೆಯ ಹತ್ತಿರ ಹೋದೆ. ಅವರು ಎಲೆಯಡಿಕೆ ಕುಟ್ಟುತ್ತಲೇ ಹೇಳಿದರು: "ನಮ್ಮಣ್ಣಂಗೆ ನಾವು ನಾಕು ಜನ ತಂಗ್ಯಮ್ಮದೀರು ಕಣವ್ವ. ನಾನೊಬ್ಳು ಉಳ್ಕಂಡೆ. ಮೂವರೂ ಎದೆ ಗಂಟಲ್ಲೇ ಓದ್ರು. ಯಾರ್ ಕೇಳಿದ್ರಿ ಅದ್ನ?" ಹೊಸ ಅಗ್ರಹಾರಕ್ಕೆ ಕೊಟ್ಟ ಚಿಕ್ಕಬೀರಮ್ಮತ್ತೆಗೆ ಹಾಲು ಕಟ್ಟಿ ಗಡ್ಡೆಯಾಯಿತೆಂದು ಆ ಮನೆಯವರು ಅಂದುಕೊಂಡರು. ಪಿರಿಯಾಪಟ್ಟಣದ ಜವರಮ್ಮತ್ತೆಗೆ ಹಸು ಹಾಯ್ದದ್ದು ಕಾರಣವಾಯಿತು. ಕೋಟೆ ತಾಲ್ಲೂಕಿನ ನಿಂಗಾಜಮ್ಮತ್ತೆಗೆ ಯಾರೋ ಮಾಟ ಮಾಡಿಸಿದರಂತೆ. ಮೂರು ತಾಲ್ಲೂಕು, ಮೂರು ಮನೆ, ಮೂರು ಕಾರಣ. ಒಂದು ಮನೆಯ ಸಾವು ಇನ್ನೊಂದು ಮನೆಗೆ ಪಾಠವಾಗಲೇ ಇಲ್ಲ. ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ ಕಣೋ, ಕಂಡಕ್ಟರ್ ಟಿಕೆಟ್ ಕೇಳುವುದನ್ನೂ ಬಿಟ್ಟ.

ಅತ್ತು ಮುಗಿದ ಮೇಲೆ ನಿನ್ನ ಅಕ್ಕ ಸುಮ್ಮನೆ ಕೂರುವವಳೇ? ಆ ಅತ್ತೆಯರ ಹೆಣ್ಣುಮಕ್ಕಳನ್ನು ಹುಡುಕಿದೆ. ಒಂಬತ್ತು ಜನ. ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ರಂಪ. ಪಿರಿಯಾಪಟ್ಟಣದ ಒಂದು ಮನೆಯಲ್ಲಿ ಕಾಫಿಯನ್ನೂ ಕೊಡದೆ ಕಳಿಸಿದರು, ಮಗಳಿಗೆ ಗಂಡು ಸಿಗುವುದಿಲ್ಲ ಎಂಬ ಹೆದರಿಕೆ. ಮೂರನೇ ಸಲ ಹೋದಾಗ ಊಟವನ್ನೇ ಹಾಕಿದರು ಬಿಡು. ಕಡೆಗೆ ಒಂದು ಟೆಂಪೋ ಮಾಡಿಕೊಂಡು ಎಲ್ಲರೂ ಮೈಸೂರಿಗೆ ಹೋಗಿ ರಕ್ತ ಕೊಟ್ಟು ಬಂದೆವು. ಐವರಿಗೆ ಆ ದೋಷ ಇಲ್ಲ. ನಾಲ್ವರಿಗೆ ಇದೆ. ಆ ನಾಲ್ವರಲ್ಲಿ ಚಿಕ್ಕಬೀರಮ್ಮತ್ತೆಯ ಮಗಳು ಪ್ರೇಮಾಗೆ ಕೈಗೂ ಸಿಗದಷ್ಟು ಸಣ್ಣ ಗಂಟು ಕಂಡಿತು, ಅಕ್ಕಿ ಕಾಳಿನಷ್ಟು. ಅವಳ ಅಮ್ಮ ಸತ್ತ ವಯಸ್ಸೇ ಅವಳಿಗೆ. ತೆಗೆಸಿದರು, ಗೆದ್ದಳು! ಈಗ ಗದ್ದೆಯಲ್ಲಿ ನಾಟಿಗೆ ಆಳುಗಳನ್ನು ಬೈಯುತ್ತಾ ನಿಂತಿರುತ್ತಾಳೆ. ಉಳಿದ ಮೂವರು ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದಾರೆ. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಹೋದ ವಾರ ನನ್ನ ಪರೀಕ್ಷೆ ಚೆನ್ನಾಗಿ ಬಂತೆಂದು ಎಲ್ಲರನ್ನೂ ಊಟಕ್ಕೆ ಕರೆದಿದ್ದೆ. ಅದೇ ಹೊತ್ತಿಗೆ ಹೆಳವನೂ ಬರಬೇಕೇ! ಅತ್ತೆಯರ ಹೆಸರು ಬರಿ ಎಂದೆ. "ಎಣ್ಣೈಕ್ಳ ಎಸ್ರು ಬರಿಯೋ ಪದ್ಧತಿ ಇಲ್ಲ ಕಣವ್ವ, ಅವ್ರು ಕೊಟ್ಟ ಮನೆಯೋರು" ಎಂದ. ಕುಳ್ಳಮ್ಮತ್ತೆ ಕೋಲೂರಿ ಎದ್ದು ನಿಂತರು: "ಆ ಮನೆ ಪುಸ್ತಕದಲ್ಲೂ ನಾವಿಲ್ಲ ಕಣಪ್ಪ. ಅಂಗಾರೆ ನಾವು ಉಟ್ಟೇ ಇಲ್ವ?" ಅವನು ಪೆನ್ನು ತೆಗೆದ. ಬರೆದು ಓದಿದ: ಸಣ್ಣಬೀರಯ್ಯನ ಮಕ್ಕಳು ಚಾಮಯ್ಯ, ಚಿಕ್ಕಬೀರಮ್ಮ, ಜವರಮ್ಮ, ನಿಂಗಾಜಮ್ಮ, ಕುಳ್ಳಮ್ಮ. ಅತ್ತೆ ಮೂರು ಸಲ ಓದಿಸಿದರು. ಅಮ್ಮನ ಹೆಸರು ಕೇಳಿ ಪ್ರೇಮಾ ಬಿಕ್ಕಿ ಬಿಕ್ಕಿ ಅತ್ತಳು. ಚಾಮಯ್ಯನ ಮಕ್ಕಳು ಚಂದ್ರಿಕಾ, ಶಶಿಕುಮಾರ ಎಂದೂ ಬರೆಸಿದೆ. ನಾನು ಹಿರಿಯಳು, ಅದಕ್ಕೇ ನನ್ನ ಹೆಸರು ಮೊದಲು. ಕೋಪ ಮಾಡಿಕೊಳ್ಳಬೇಡ.

ನಿನ್ನ ಹೆಂಡತಿ ಹುಣಸೂರಿನಲ್ಲಿ ಆರಾಮಾಗಿದ್ದಾಳೆ. ಅಮ್ಮ ಹರಸಿದ್ದಾಳೆ, ಕುಳ್ಳಮ್ಮತ್ತೆ ನಿನ್ನ ಮೀಸೆಯನ್ನು ವಿಚಾರಿಸಿದ್ದಾರೆ. ನೂರು ವರ್ಷ ಗಟ್ಟಿಯಾಗಿ ಬಾಳು.

ನಿನ್ನ ಅಕ್ಕ,
ಚಂದ್ರಿಕಾ

ಮರೆತಿದ್ದೆ: ಹೆಳವ ನಿನ್ನ ಹೆಸರಿನ ಕೆಳಗೆ ರೂಪಶ್ರೀ ಎಂದು ಬರೆಯುವಾಗ ನಿನ್ನ ಮಗಳು ನನ್ನ ಪಕ್ಕದಲ್ಲೇ ಇದ್ದಳು. ಅವಳಿಗೆ ಎಲ್ಲ ಗೊತ್ತು. ನಿನಗೆ ಏನೂ ಆಗಿಲ್ಲ ನಿಜ, ಅಪ್ಪನಿಗೂ ಏನೂ ಆಗಿರಲಿಲ್ಲ, ಆದರೂ ನನಗೆ ಈ ದೋಷ ಕೊಟ್ಟದ್ದು ಅಪ್ಪನೇ. ನಿನ್ನ ರಕ್ತದಲ್ಲಿ ಅದಿಲ್ಲದಿದ್ದರೆ ನಿನ್ನಿಂದ ಅವಳಿಗೆ ಬರುವ ಮಾತೇ ಇಲ್ಲ. ಇದ್ದರೆ ಅವಳನ್ನೂ ಪ್ರೇಮಾಳ ಹಾಗೆ ಉಳಿಸಿಕೊಳ್ಳೋಣ. ನೀನು ರಜೆಗೆ ಬಂದ ಮೂರನೇ ದಿನಕ್ಕೆ ಡಾಕ್ಟರಮ್ಮನ ಹತ್ತಿರ ಹೇಳಿಟ್ಟಿದ್ದೇನೆ. ಪ್ರೇಮಾ ಮತ್ತೆ ಅದೇ ಟೆಂಪೋ ಗೊತ್ತು ಮಾಡಿದ್ದಾಳೆ, ಒಂಬತ್ತು ಜನವೂ ನಿನ್ನ ಜೊತೆಗೆ ಬರುತ್ತಾರಂತೆ. ನಿನ್ನನ್ನು ಕೇಳಲು ರೂಪಶ್ರೀಗೆ ಹೆದರಿಕೆ. ನನ್ನ ಕಿವಿಯಲ್ಲಿ ಮಾತ್ರ ಹೇಳಿದಳು: "ಇದ್ರೂ ಇರ್ಲಿ ಅತ್ತೆ, ಅಪ್ಪ ಪಕ್ಕದಲ್ಲಿ ಬಂದು ಕೂತ್ಕಂಡ್ರೆ ಸಾಕು."