ಇಪ್ಪತ್ಮೂರು ಬಿಂದುಗಳು

ಮಂಗಳವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ

ನನ್ನ ಮುದ್ದು ಗೂಬೆಗೆ,

ಅಪ್ಪನ ಮೇಲೆ ಸಿಟ್ಟಾಗಬೇಡ. ಅವರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಹೇಳಿದ್ದು ನಿನ್ನದೇ ತಪ್ಪು. ಭಾನುವಾರ ಈರುಳ್ಳಿ ಹೆಚ್ಚುತ್ತಾ ನನ್ನ ಕಡೆ ತಿರುಗಿ, ನಿನ್ನ ಪ್ರಮೇಯ ಸುಳ್ಳಂತೆ ಕಣೇ, ಮಗಳು ಕಂಡುಹಿಡಿದು ಆರು ತಿಂಗಳಾಯ್ತಂತೆ, ನಿನಗೆ ನೋವಾಗುತ್ತೆ ಅಂತ ಎಲ್ಲೂ ಪ್ರಕಟಿಸ್ತಾ ಇಲ್ಲವಂತೆ ಅಂದುಬಿಟ್ಟರು. ಗದರಿಸಿದ ಮೇಲೆ ನೀನು ಕೊಟ್ಟ ಹಾಳೆಯನ್ನೂ ತೆಗೆದುಕೊಟ್ಟರು.

ಮೊದಲು ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷದಿಂದ ನನ್ನ ಹೆಸರಿನಲ್ಲಿರುವ ಪ್ರಮೇಯ: ಬಿಂದುಗಳನ್ನು ಗೆರೆಗಳಿಂದ ಜೋಡಿಸಿದ ಒಂದು ಬಗೆಯ ಜಾಲಗಳಲ್ಲಿ ಯಾವುದನ್ನೇ ತೆಗೆದುಕೊಂಡರೂ, ಗೆರೆಯಿಂದ ಸೇರಿದ ಎರಡು ಬಿಂದುಗಳಿಗೆ ಒಂದೇ ಬಣ್ಣ ಬಾರದ ಹಾಗೆ ಮೂರೇ ಬಣ್ಣಗಳಲ್ಲಿ ಮುಗಿಸಬಹುದು. ನನ್ನ ಪ್ರೊಫೆಸರ್ ಹುದ್ದೆಯೂ ಅದರಿಂದಲೇ ಬಂದದ್ದು.

ಆ ಹಾಳೆಯಲ್ಲಿದ್ದ ನಿನ್ನ ಇಪ್ಪತ್ಮೂರು ಬಿಂದುಗಳ ಜಾಲವನ್ನು ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿ ಬರೆದುಕೊಂಡು, ಕೆಂಪು, ನೀಲಿ, ಹಸಿರು ಪೆನ್ಸಿಲ್ ಹಿಡಿದು ಕೂತೆ. ಇಪ್ಪತ್ತೆರಡರವರೆಗೆ ಸಲೀಸು. ಕೊನೆಯದಕ್ಕೆ ಬಂದರೆ ಸುತ್ತ ಮೂರೂ ಬಣ್ಣ ಕಾದು ಕೂತಿರುತ್ತವೆ! ಅಳಿಸಿ ಅಳಿಸಿ ಹಾಳೆ ತೂತಾಯಿತು. ಎಲ್ಲಿಂದ ಶುರುಮಾಡಿದರೂ ಅಷ್ಟೇ. ಆಮೇಲೆ ನಿನ್ನ ಹಾಳೆಯ ಹಿಂಬದಿಯಲ್ಲಿ, ಇದಕ್ಕೆ ಮೂರು ಬಣ್ಣ ಸಾಲದು ಎಂದು ತೋರಿಸಿ ನೀನು ಬರೆದ ಸಾಧನೆ ಓದಿದೆ, ಏಳೇ ಸಾಲು. ಅಬ್ಬಾ! ಮತ್ತೆ ಮೊದಲಿನಿಂದ ಓದಿದೆ ಕಣೇ. ನಾವ್ಯಾರೂ ಹುಟ್ಟುವ ಮುಂಚಿನಿಂದಲೂ ಆ ಜಾಲ ಹಾಗೇ ಇತ್ತು, ಎಷ್ಟು ಚೆಂದ, ಎಷ್ಟು ಗಟ್ಟಿ. ಮೊದಲು ಕಂಡ ಕಣ್ಣು ನನ್ನ ಮಗಳದು. ಅಪ್ಪನನ್ನು ಕೂಗಿ ತೋರಿಸಿದೆ. ಚೆನ್ನಾಗಿದೆ, ತಟ್ಟೆ ಎಲ್ಲಿಡಲಿ ಅಂದರು.

ತಪ್ಪು ನನ್ನ ಪ್ರಬಂಧದ ಹನ್ನೊಂದನೇ ಪುಟದಲ್ಲಿದೆ. ಚಿಕ್ಕ ಜಾಲಕ್ಕೆ ಒಂದೊಂದೇ ಬಿಂದು ಸೇರಿಸುತ್ತಾ ದೊಡ್ಡದನ್ನು ಕಟ್ಟಿದೆ. ದೊಡ್ಡವೆಲ್ಲ ಹಾಗೆಯೇ ಹುಟ್ಟುತ್ತವೆ ಎಂದುಕೊಂಡೆ. ನಿನ್ನದು ಹಾಗೆ ಹುಟ್ಟಿದ್ದೇ ಅಲ್ಲ. ಯಾವ ಬಿಂದು ಕಿತ್ತರೂ ಉಳಿದದ್ದು ನಮ್ಮ ಬಗೆಗೆ ಸೇರುವುದಿಲ್ಲ. ಇದೇ ತಪ್ಪಿಗೆ ಮೊದಲ ವರ್ಷದ ಮಕ್ಕಳ ಅಂಕ ಕತ್ತರಿಸುತ್ತಾ ಬಂದ ಮಹಾತಾಯಿ ನಾನು! ನಾಚಿಕೆಯಾಗಿ, ಕೊನೆಗೆ ನಗುವೇ ಬಂತು.

ಈಗ ಕೇಳು. ನನ್ನ ಪ್ರಮೇಯವನ್ನು ನಂಬಿ ಅದರ ಮೇಲೆ ಕೆಲಸ ಮಾಡುತ್ತಿರುವವರು ಇನ್ನೂ ಇದ್ದಾರೆ. ಅಮ್ಮನ ಮರ್ಯಾದೆ ಉಳಿಸಲೆಂದು ಅವರನ್ನು ದಾರಿ ತಪ್ಪಿಸುವುದು ಬೇಡ. ಇವತ್ತು ಬೆಳಿಗ್ಗೆ ಪತ್ರಿಕೆಯ ಸಂಪಾದಕರಿಗೆ ಬರೆದು ನನ್ನ ಪ್ರಬಂಧವನ್ನು ಹಿಂದಕ್ಕೆ ಪಡೆದೆ. ಕಾರಣ ಎಂಬಲ್ಲಿ ನಿನ್ನ ಹೆಸರು ಹಾಕಿದ್ದೇನೆ. ಇನ್ನು ಬಚ್ಚಿಟ್ಟುಕೊಂಡು ಪ್ರಯೋಜನವಿಲ್ಲ, ಸುಮ್ಮನೆ ಪ್ರಕಟಣೆಗೆ ಕಳಿಸು.

ನಿನ್ನೆದುರು ಸೋತು ಬೀಗುತ್ತಿರುವ,
ಅಮ್ಮ

ಮುಚ್ಚಿಟ್ಟ ಒಂದು ಮಾತು: ನೀನು ಇದೇ ವಿಷಯದಲ್ಲಿ ಸಂಶೋಧನೆ ಮಾಡುತ್ತೇನೆ ಎಂದಾಗ, ಇಲ್ಲಿ ಇನ್ನೇನೂ ಉಳಿದಿಲ್ಲ, ಬೇರೆ ಹಿಡಿ ಎಂದು ಅತ್ತು ರಂಪ ಮಾಡಿದ್ದೆನಲ್ಲ, ಅದು ಸುಳ್ಳು. ಆ ಹನ್ನೊಂದನೇ ಪುಟದ ಮೇಲೆ ನನಗೆ ಒಂಬತ್ತು ವರ್ಷದಿಂದ ಅನುಮಾನವಿತ್ತು. ತೆಗೆದು ನೋಡುವ ಧೈರ್ಯ ನನಗಿರಲಿಲ್ಲ. ನೀನು ನೋಡಿಯೇ ನೋಡುತ್ತೀಯ ಎಂದು ಹೆದರಿದ್ದೆ.